ಬಣ್ಣದ ರೇಟು ಆಮೇಲೆ, ಮೊದಲು ಪುಟ್ಟಿಯ ಅಡಿಯಲ್ಲಿ ಏನಿದೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಹದಿನೈದು ವರ್ಷ ಮುಗಿದ ಕಾರನ್ನು ಗುಜರಿಗೆ ಹಾಕಬೇಕಾ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಇನ್ನೂ ಐದು ವರ್ಷ ಓಡಿಸಬೇಕಾ ಎಂದು ನಿಮ್ಮ ಓದುಗರ ಅಂಕಣದಲ್ಲಿ ಚರ್ಚೆ ನಡೆಯುತ್ತಿದೆ. ಓಡಿಸಿ ಎನ್ನುವವರ ಪೈಕಿ ನಾನೂ ಒಬ್ಬ. ಆದರೆ ಅದರಲ್ಲಿ ಒಂದು ವಿಷಯ ಯಾರೂ ಬರೆಯಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ಪುಟ್ಟಿ (ತಗಡಿನ ತಗ್ಗು ತುಂಬಲು ಮೆತ್ತುವ ಲೇಪ) ಮತ್ತು ನೀರಿನ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಕುಂದಾಪುರದ ಕಡೆ ಕಾರಿಗೆ ಬಣ್ಣ ಹೊಡೆದೇ ಬದುಕಿದವನು. ಈಗ ಸ್ಪ್ರೇ ಗನ್ ಹಿಡಿಯುವುದು ಕಡಿಮೆ, ಮಾತು ಜಾಸ್ತಿ. ಎಫ್‌ಸಿ ದಿನ ಹತ್ತಿರ ಬಂದಾಗ ಜನ ಏನು ಮಾಡುತ್ತಾರೆ ಅಂತ ನೋಡಿ ನೋಡಿ ಸಾಕಾಗಿದೆ. 2022ರ ಏಪ್ರಿಲ್‌ನಲ್ಲಿ ಹಳೆ ಕಾರಿನ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಷ್ಟು ದುಡ್ಡು ಕಟ್ಟಿದ ಮೇಲೆ ಗಾಡಿ ಸ್ವಲ್ಪ ಚಂದ ಕಾಣಲಿ ಅಂತ ಯಾರಿಗಾದರೂ ಅನಿಸುವುದೇ. ಸರಿ, ನಾಲ್ಕು ಶೆಡ್‌ಗೆ ಫೋನ್ ಮಾಡುತ್ತಾರೆ. "ಫುಲ್ ಬಾಡಿ ಪೇಂಟಿಂಗ್‌ಗೆ ಎಷ್ಟು?" ಅಷ್ಟೇ ಪ್ರಶ್ನೆ. ಯಾರು ಕಡಿಮೆ ಹೇಳಿದರೋ ಅಲ್ಲಿಗೆ ಗಾಡಿ ಹೋಗುತ್ತದೆ, ವಾರದಲ್ಲಿ ಫಳಫಳ ಹೊಳೆಯುತ್ತಾ ವಾಪಸ್ ಬರುತ್ತದೆ, ಮನೆಯವರೆಲ್ಲ ಖುಷಿ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಅಡಿ, ಚಕ್ರದ ಮೇಲಿನ ಅಂಚು, ಮುಂದಿನ ಗ್ಲಾಸಿನ ರಬ್ಬರ್ ಪಕ್ಕ, ಎಲ್ಲ ಕಡೆ ಗುಳ್ಳೆ ಏಳುತ್ತದೆ. ಆಗ ಬೈಗುಳ ತಿನ್ನುವುದು ಪೇಂಟ್ ಕಂಪೆನಿ. ಪಾಪ, ಪೇಂಟಿನದ್ದು ಏನೂ ತಪ್ಪಿರುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಕಾರಿಗೆ ಬಣ್ಣ ಹೊಡೆಯುವ ಕೆಲಸ, ಅಂದರೆ ಗನ್ ಹಿಡಿದು ಬೇಸ್ ಕೋಟ್ (ಬಣ್ಣದ ಪದರ), ಕ್ಲಿಯರ್ ಕೋಟ್ (ಮೇಲಿನ ಹೊಳಪಿನ ಪದರ) ಹೊಡೆಯುವುದು, ಒಂದು ದಿನದಲ್ಲಿ ಮುಗಿಯುತ್ತದೆ. ಉಳಿದ ದಿನಗಳೆಲ್ಲ ಬಿಚ್ಚುವುದು, ತೊಳೆಯುವುದು, ತುಕ್ಕು ಕೀಳುವುದು, ತಗಡು ಬೆಸೆಯುವುದು, ಪುಟ್ಟಿ ಹಾಕಿ ಉಜ್ಜುವುದು, ಪ್ರೈಮರ್ (ಬಣ್ಣದ ಅಡಿಯ ಪದರ) ಹೊಡೆದು ಮತ್ತೆ ಉಜ್ಜುವುದು. ರೇಟು ಕಡಿಮೆ ಮಾಡು ಅಂದರೆ ಶೆಡ್‌ನವನು ಎಲ್ಲಿ ಕಡಿಮೆ ಮಾಡುತ್ತಾನೆ ಹೇಳಿ? ಪೇಂಟ್ ಲೀಟರ್ ಲೆಕ್ಕ, ಅದರಲ್ಲಿ ಉಳಿಸಲು ಆಗುವುದಿಲ್ಲ. ಕಾಣದ ಕೆಲಸದಲ್ಲೇ ಉಳಿಸುತ್ತಾನೆ. ಅವನು ಕಳ್ಳ ಅಂತ ನಾನು ಹೇಳುತ್ತಿಲ್ಲ, ನೀವು ಕೊಟ್ಟ ದುಡ್ಡಿಗೆ ಆಗುವಷ್ಟು ಮಾಡುತ್ತಾನೆ. ನೀವು ಕೇಳಿದ್ದೂ ಬಣ್ಣವನ್ನೇ, ಅಲ್ವಾ?

ಹಾಗಾಗಿ ಶೆಡ್‌ಗೆ ಕೊಡುವ ಮುಂಚೆ ನಿಮ್ಮ ಕಾರಿನ ಸ್ಥಿತಿ ನಿಮಗೆ ಗೊತ್ತಿರಲಿ. ಇದಕ್ಕೆ ದೊಡ್ಡ ಉಪಕರಣ ಬೇಡ. ಫ್ರಿಜ್ ಮೇಲೆ ಅಂಟಿಸುವ ಒಂದು ಆಯಸ್ಕಾಂತ ತೆಗೆದುಕೊಂಡು, ಗೀರು ಬೀಳದಂತೆ ತೆಳು ಬಟ್ಟೆ ಸುತ್ತಿ, ಬಾಡಿ ಮೇಲೆಲ್ಲ ಆಡಿಸಿ. ತಗಡು ಇದ್ದ ಕಡೆ ಚೆನ್ನಾಗಿ ಹಿಡಿಯುತ್ತದೆ. ಹಿಡಿತ ಸಡಿಲವಾದರೆ ಅಲ್ಲಿ ಹಳೆ ಪುಟ್ಟಿ ದಪ್ಪಗೆ ಕೂತಿದೆ ಅಂತ ಅರ್ಥ. ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಂಪೆನಿಯಿಂದ ಬಂದ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ, ಒಮ್ಮೆ ಮೇಲಿಂದ ಹೊಡೆಸಿದ್ದರೆ 200, 300. ಐನೂರು ದಾಟಿತು ಅಂದರೆ ಒಳಗೆ ಪುಟ್ಟಿ ಇದೆ ಅಂತಲೇ ಲೆಕ್ಕ. ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್. ಕಾರಿನ ಹೊರ ತಗಡೇ ಒಂದು ಮಿಲಿಮೀಟರ್‌ಗಿಂತ ತೆಳು ಎನ್ನುವುದು ನೆನಪಿರಲಿ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಳ್ಳುವವರು ಎಂಜಿನ್ ಶಬ್ದ ಕೇಳುವ ಮುಂಚೆ ಇದನ್ನು ಮಾಡಿದರೆ ಎಷ್ಟೋ ತಲೆನೋವು ತಪ್ಪುತ್ತದೆ, ಇರಲಿ, ಅದು ಬೇರೆ ಪತ್ರ.

ಆಮೇಲೆ ಕಾರ್ಪೆಟ್ ಎತ್ತಿ ನೋಡಿ. ನಮ್ಮ ಕರಾವಳಿಯಲ್ಲಿ ತುಕ್ಕು ಹೊರಗಿನಿಂದ ಒಳಗೆ ಬರುವುದಕ್ಕಿಂತ ಒಳಗಿನಿಂದ ಹೊರಗೆ ಬರುವುದೇ ಜಾಸ್ತಿ. ಮಳೆಗಾಲದಲ್ಲಿ ಒದ್ದೆ ಕಾಲು, ಒದ್ದೆ ಕೊಡೆ, ಕಾರ್ಪೆಟ್ ಅಡಿಯ ಫೆಲ್ಟ್ ನೀರು ಕುಡಿದು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಮೇಲಿಂದ ಉಪ್ಪುಗಾಳಿ ಬೇರೆ. ಅಂಬಾಸಿಡರ್ ಆದರೆ ಬಾಗಿಲಿನ ಕೆಳಗಿನ ರನ್ನಿಂಗ್ ಬೋರ್ಡ್, ಫ್ಲೋರ್, ಡಿಕ್ಕಿಯ ತಳ, ಮಡ್‌ಗಾರ್ಡ್ ಜೋಡಿಸಿದ ಸಂದು ನೋಡಿ. ಪದ್ಮಿನಿಗೆ ಬಾಗಿಲಿನ ಅಡಿ ಮತ್ತು ಫ್ಲೋರ್. ಮಾರುತಿ 800ಕ್ಕೆ ಮುಂದಿನ ಫೆಂಡರ್‌ನ ಹಿಂಭಾಗ, ಅಂದರೆ ಚಕ್ರ ಎರಚಿದ ಕೆಸರು ಹೋಗಿ ಕೂರುವ ಜಾಗ, ಹಿಂದಿನ ಚಕ್ರದ ಕಮಾನಿನ ಅಂಚು, ಆಮೇಲೆ ಬ್ಯಾಟರಿ ಕೂರುವ ತಟ್ಟೆ. ಬ್ಯಾಟರಿ ಆಸಿಡ್ ಸೋರಿ ತಗಡು ತಿಂದುಹಾಕಿರುತ್ತದೆ. 800 ನಿಂತದ್ದು 2014ರಲ್ಲಿ, ಅಂಬಾಸಿಡರ್ ಕೂಡ ಅದೇ ವರ್ಷ. ಹಾಗಾಗಿ ಈಗ ರಸ್ತೆಯಲ್ಲಿ ಇರುವವು ಎಲ್ಲವೂ ಹತ್ತಾರು ಮಳೆಗಾಲ ಕಂಡವೇ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದೆರಡು ಕಡೆ ತಟ್ಟಿದರೆ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಶೆಡ್‌ನ ಕೆಲಸಕ್ಕೆ ಬರೋಣ. ಮೊದಲನೆಯದು ತೊಳೆಯುವುದು. ಇದರಲ್ಲಿ ಹೇಳುವುದೇನಿದೆ ಅಂತ ಅನಿಸಬಹುದು. ಆದರೆ ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್ ಎಂದು ಜನ ವರ್ಷಗಟ್ಟಲೆ ಬಳಿದಿರುತ್ತಾರಲ್ಲ, ಬಹಳಷ್ಟರಲ್ಲಿ ಸಿಲಿಕೋನ್ ಇರುತ್ತದೆ. ಅದನ್ನು ತೆಗೆಯದೆ ಉಜ್ಜಲು ಶುರು ಮಾಡಿದರೆ ಉಜ್ಜುವ ಪೇಪರ್ (ಸ್ಯಾಂಡ್ ಪೇಪರ್) ಹಾಕಿದ ಗೀರಿನೊಳಗೆ ಅದು ಹೋಗಿ ಕೂರುತ್ತದೆ, ಆಮೇಲೆ ಹೊಸ ಬಣ್ಣ ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಕುಳಿ ಬೀಳುತ್ತದೆ. ಫಿಶ್ ಐ ಅಂತ ಕರೆಯುವುದು ಇದನ್ನೇ. ಆದ್ದರಿಂದ ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಜಿಡ್ಡು ತೆಗೆಯುವ ದ್ರವದಲ್ಲಿ ಒರೆಸಿ, ಅದಾದ ಮೇಲೆಯೇ ಪೇಪರ್ ಮುಟ್ಟಬೇಕು. ಒರೆಸುವಾಗ ಎರಡು ಬಟ್ಟೆ ಬೇಕು. ಒಂದರಲ್ಲಿ ಒದ್ದೆ ಮಾಡಬೇಕು, ಅದು ಆರುವ ಮುಂಚೆ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಬೇಕು. ಒಂದೇ ಬಟ್ಟೆಯಲ್ಲಿ ತಿಕ್ಕಿದರೆ ಜಿಡ್ಡು ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ ಅಷ್ಟೇ. ಕೆಲವು ಹುಡುಗರು ಸೀಮೆಎಣ್ಣೆಯಲ್ಲಿ ಒರೆಸುತ್ತಾರೆ. ಸೀಮೆಎಣ್ಣೆಯೇ ಜಿಡ್ಡು ಮಾರಾಯರೇ, ಅದರಿಂದ ಜಿಡ್ಡು ಹೇಗೆ ಹೋಗುತ್ತದೆ?

ಹಳೆ ಬಣ್ಣ ಯಾವ ಜಾತಿಯದ್ದು ಎಂದು ಪರೀಕ್ಷೆ ಮಾಡುವುದು ಇನ್ನೊಂದು. ಕಾಣದ ಒಂದು ಮೂಲೆಯಲ್ಲಿ, ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಿತು, ಜಾಗ ಮೆತ್ತಗಾಯಿತು ಅಂದರೆ ಅದು ಹಿಂದೆ ಯಾರೋ ಹೊಡೆದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್, ಹಳೆ ಡ್ಯೂಕೋ. ಅಂಬಾಸಿಡರ್, ಪದ್ಮಿನಿಗಳ ಮೇಲೆ ಇದು ಪದರ ಪದರವಾಗಿ ಇರುತ್ತದೆ. ಅದರ ಮೇಲೆ ಈಗಿನ ಹಾರ್ಡ್ನರ್ (ಗಟ್ಟಿಯಾಗಿಸುವ ಮಿಶ್ರಣ) ಬೆರೆಸುವ 2ಕೆ ಪೇಂಟ್ ಹೊಡೆದರೆ ಕೆಳಗಿನ ಪದರ ಎದ್ದು ಸುಕ್ಕುಗಟ್ಟುವ ಅಪಾಯ ಇದೆ. ಅದನ್ನು ಕೀಳಲೇಬೇಕು.

ಆದರೆ ಬಟ್ಟೆಗೆ ಏನೂ ಹತ್ತಲಿಲ್ಲ, ಬಣ್ಣ ಬಿರುಕು ಬಿಟ್ಟಿಲ್ಲ, ಗಟ್ಟಿಯಾಗಿ ಕೂತಿದೆ ಅಂದರೆ? ಇಲ್ಲಿ ಓದುಗರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ಪೂರ್ತಿ ಕಿತ್ತು ಬರೀ ತಗಡು ಮಾಡಿ ಹೊಡೆಯಿರಿ, ಆಗಲೇ ಬಾಳಿಕೆ" ಅಂತ ಕೆಲವರು ಹಟ ಹಿಡಿಯುತ್ತಾರೆ. ಬೇಡ. ಕಂಪೆನಿಯಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ, ಆಮೇಲೆ ಒಲೆಯಲ್ಲಿ ಬೇಯಿಸುತ್ತಾರೆ. ಹಾಗೆ ಕೂತ ಪ್ರೈಮರ್ ಸಂದುಗೊಂದುಗಳಿಗೂ ಹೋಗಿರುತ್ತದೆ. ನಮ್ಮ ಗನ್ ಎಷ್ಟೇ ಒಳ್ಳೆಯದಾದರೂ ಅಲ್ಲಿಗೆ ಮುಟ್ಟುವುದಿಲ್ಲ. ಗಟ್ಟಿ ಇರುವ ಕಂಪೆನಿ ಬಣ್ಣವೇ ಒಳ್ಳೆಯ ಪ್ರೈಮರ್, ಅದನ್ನು ನಯ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು. ಎಲ್ಲಿ ಕೆಟ್ಟಿದೆಯೋ ಅಲ್ಲಿ ಮಾತ್ರ ತಗಡಿನ ತನಕ ಹೋಗಿ. ಅಂಚನ್ನು ಮೆಟ್ಟಿಲಿನ ಹಾಗೆ ಬಿಡದೆ, ಬೆರಳು ಆಡಿಸಿದರೆ ತಡೆಯದಂತೆ ಇಳಿಜಾರು ಮಾಡಬೇಕು. ಪೂರ್ತಿ ಕೀಳಲೇಬೇಕಾದಾಗಲೂ ಗ್ರೈಂಡರ್ ಹಿಡಿದು ಬಾನೆಟ್ ಮೇಲೆ, ಟಾಪ್ ಮೇಲೆ ಒತ್ತಬಾರದು. ಆ ಅಗಲ ತಗಡು ಬಿಸಿಗೆ ಡೊಂಕಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಪೇಂಟ್ ರಿಮೂವರ್ ಬಳಿದರೆ ಸಂದುಗಳಿಂದ ದೂರ ಇರಬೇಕು, ಒಳಗೆ ಇಳಿದದ್ದು ತಿಂಗಳ ನಂತರ ಹೊಸ ಬಣ್ಣದ ಅಡಿಯಿಂದ ಹೊರಗೆ ಬರುತ್ತದೆ.

ಬಿಚ್ಚುವ ವಿಷಯ. ಬಂಪರ್, ಹ್ಯಾಂಡಲ್, ಕನ್ನಡಿ, ಲೈಟು, ಬೀಡಿಂಗ್, ಮುಖ್ಯವಾಗಿ ಮುಂದಿನ ಹಿಂದಿನ ಗ್ಲಾಸಿನ ರಬ್ಬರ್. ಬಹಳ ಕಡೆ ಗ್ಲಾಸ್ ತೆಗೆಯುವುದೇ ಇಲ್ಲ, ರಬ್ಬರ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ಹೊಡೆದುಬಿಡುತ್ತಾರೆ. ನೀರು ನಿಲ್ಲುವುದು ಆ ರಬ್ಬರ್ ಅಡಿಯಲ್ಲೇ, ತುಕ್ಕು ಶುರುವಾಗುವುದೂ ಅಲ್ಲೇ. ಬಣ್ಣದ ಅಂಚು ರಬ್ಬರ್ ಪಕ್ಕ ಸುಮ್ನೆ ಕೂತಿರುತ್ತದೆ, ನಾಲ್ಕು ಸಲ ಕಾರು ತೊಳೆದರೆ ಸಿಪ್ಪೆ ಏಳುತ್ತದೆ. ಗ್ಲಾಸ್ ತೆಗೆದರೆ ಒಡೆಯಬಹುದು, ಹಳೆ ರಬ್ಬರ್ ಸಿಗುವುದಿಲ್ಲ ಎಂದು ಶೆಡ್‌ನವರು ಹೆದರುವುದರಲ್ಲಿ ಅರ್ಥ ಇದೆ. ಹಾಗಾಗಿ ಹೊಸ ರಬ್ಬರ್ ಹುಡುಕಿ ತರುವ ಜವಾಬ್ದಾರಿ ಮಾಲೀಕರೇ ತೆಗೆದುಕೊಳ್ಳಿ, ಕೆಲಸ ಶುರುವಾಗುವ ಮುಂಚೆಯೇ ತಂದು ಕೊಡಿ.

ತುಕ್ಕು ಬಂದ ಜಾಗದಲ್ಲಿ ಎರಡೇ ದಾರಿ. ಮೇಲ್ಮೈ ತುಕ್ಕು ಮಾತ್ರ ಆಗಿದ್ದರೆ ಹೊಳೆಯುವ ತಗಡು ಕಾಣುವ ತನಕ ತಿಕ್ಕುವುದು. ತೂತಾಗಿದ್ದರೆ, ಅಥವಾ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿದ್ದರೆ, ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ಹೊಸ ತುಂಡು ಬೆಸೆಯುವುದು. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗ್‌ಗಿಂತ ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲ ಬಿಡುತ್ತಾ ಕರೆಂಟಿನಲ್ಲಿ ಬೆಸೆಯುವ) ವೆಲ್ಡಿಂಗ್ ಒಳ್ಳೆಯದು, ಬಿಸಿ ಕಡಿಮೆ ಹರಡುತ್ತದೆ. ಅದರಲ್ಲೂ ಒಂದೇ ಎಳೆ ಎಳೆಯದೆ ಚುಕ್ಕಿ ಚುಕ್ಕಿ ಇಡುತ್ತಾ, ಆರಲು ಬಿಡುತ್ತಾ ಹೋಗಬೇಕು. ಡಿಕ್ಕಿ ಹತ್ತಿರ ವೆಲ್ಡಿಂಗ್ ಇದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸಿದ್ದಾರಾ, ಬ್ಯಾಟರಿ ವಯರ್ ತೆಗೆದಿದ್ದಾರಾ ನೋಡಿ. ಇದನ್ನು ಹೇಳುವುದಕ್ಕೂ ನಾಚಿಕೆ, ಆದರೆ ಹೇಳಬೇಕಾಗಿದೆ.

ಮೂರನೇ ದಾರಿ ಒಂದಿದೆ, ಅದೇ ಜಾಸ್ತಿ ನಡೆಯುವುದು. ತೂತಿಗೆ ಹಿಂದಿನಿಂದ ಬಲೆಯೋ, ಬಟ್ಟೆಯೋ, ಪೇಪರೋ ತುರುಕಿ, ಮೇಲಿಂದ ಪುಟ್ಟಿ ಮೆತ್ತಿ, ಉಜ್ಜಿ ನಯ ಮಾಡಿಬಿಡುವುದು. ಹುಳುಕು ಹಲ್ಲು ಕೆರೆಯದೆ ಮೇಲೆ ಸಿಮೆಂಟ್ ತುಂಬಿದ ಹಾಗೆ. ತುಕ್ಕಿನ ಗುಣ ಏನೆಂದರೆ, ಅದು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ಪುಟ್ಟಿಯ ಅಡಿಯಲ್ಲಿ ಅದು ಬೆಳೆಯುತ್ತಾ ಹೋದ ಹಾಗೆ ಪುಟ್ಟಿಯನ್ನೇ ಎತ್ತಿ ಹಾಕುತ್ತದೆ. ಒಮ್ಮೆ ನಮ್ಮಲ್ಲಿಗೆ ಬಂದ ಒಂದು ವ್ಯಾನಿನ ಬಾಗಿಲ ಅಡಿಯಿಂದ ಅಂಗೈ ಅಗಲದ ಪುಟ್ಟಿ ಚಕ್ಕೆ ಕೈಯಲ್ಲೇ ಬಂತು, ಹಿಂದೆ ದಿನಪತ್ರಿಕೆಯ ಹಾಳೆ ಮಡಚಿ ಇಟ್ಟಿದ್ದರು. ಯಾವ ಪತ್ರಿಕೆ ಅಂತ ಹೇಳುವುದಿಲ್ಲ ಸಂಪಾದಕರೇ.

ತುಕ್ಕು ಕನ್ವರ್ಟರ್ ಎಂದು ಬಾಟಲಿಯಲ್ಲಿ ಸಿಗುತ್ತದಲ್ಲ, ಅದರ ಬಗ್ಗೆ ಕೆಲವರು ಕೇಳುತ್ತಾರೆ. ಬಹಳಷ್ಟರಲ್ಲಿ ಇರುವುದು ಫಾಸ್ಫಾರಿಕ್ ಆಸಿಡ್. ತಿಕ್ಕಿದ ಮೇಲೂ ಸಣ್ಣ ಕುಳಿಗಳಲ್ಲಿ ಉಳಿದ ತುಕ್ಕಿಗೆ ಅದು ಉಪಯೋಗ ಆಗುತ್ತದೆ, ತಿಕ್ಕುವ ಕೆಲಸ ತಪ್ಪಿಸುವುದಿಲ್ಲ. ಡಬ್ಬದ ಮೇಲೆ ಬರೆದಂತೆ ಅದನ್ನು ತೊಳೆದು ತೆಗೆಯಬೇಕು, ತೆಗೆಯದೆ ಎಪಾಕ್ಸಿ ಪ್ರೈಮರ್ (ನೀರು ತಡೆಯುವ ಪ್ರೈಮರ್) ಹೊಡೆದರೆ ಹಿಡಿತವೇ ಬರುವುದಿಲ್ಲ. ಇನ್ನೊಂದು, ನಮ್ಮ ಕಡೆಯ ಗಾಳಿಯಲ್ಲಿ ಬರೀ ತಗಡನ್ನು ರಾತ್ರಿಯಿಡೀ ಬಿಡಬಾರದು. ಸಂಜೆ ಬೆಳ್ಳಗೆ ಇದ್ದದ್ದು ಬೆಳಗ್ಗೆ ಕೆಂಪಗಾಗಿರುತ್ತದೆ. ಬೆವರಿದ ಕೈಯಲ್ಲಿ ಮುಟ್ಟಿದರೂ ಬೆರಳಚ್ಚು ತುಕ್ಕು ಹಿಡಿಯುತ್ತದೆ. ಯಾವ ದಿನ ತಿಕ್ಕಿದಿರೋ ಅದೇ ದಿನ ಪ್ರೈಮರ್. ಮಂಡ್ಯ, ತುಮಕೂರಿನ ಕಡೆಯವರಿಗೆ ಇದು ಅತಿ ಅನಿಸಬಹುದು, ಕರಾವಳಿಗೆ ಬಂದು ನೋಡಿ.

ಇನ್ನು ಪುಟ್ಟಿ. ಪುಟ್ಟಿ ಹಾಕುವುದೇ ಮೋಸ ಅಂತ ತಿಳಿದವರಿದ್ದಾರೆ. ಹಾಗಲ್ಲ. ಎಷ್ಟೇ ಒಳ್ಳೆಯ ಟಿಂಕರ್ (ತಗಡು ಬಡಿದು ಸರಿಮಾಡುವವನು) ಆದರೂ ಸುತ್ತಿಗೆ, ಡಾಲಿ (ಹಿಂದಿನಿಂದ ಆಸರೆ ಕೊಡುವ ಕಬ್ಬಿಣದ ತುಂಡು) ಹಿಡಿದು ತಗಡನ್ನು ಹೊಸದರ ಹಾಗೆ ಮಾಡಲು ಸುಲಭವಲ್ಲ, ಕೊನೆಯ ಸಣ್ಣ ಏರುಪೇರಿಗೆ ಪುಟ್ಟಿ ಬೇಕೇ ಬೇಕು. ಪ್ರಶ್ನೆ ಇರುವುದು ದಪ್ಪದಲ್ಲಿ. ಒಂದೆರಡು ಮಿಲಿಮೀಟರ್ ಇದ್ದರೆ ಏನೂ ಆಗುವುದಿಲ್ಲ. ಮೂರು ದಾಟಿದರೆ ಟಿಂಕರಿಂಗ್ ಸರಿಯಾಗಿಲ್ಲ ಎಂದೇ ನಾನು ಹೇಳುವುದು. ಡೆಂಟ್ ಎತ್ತುವ ಕೂಲಿ ಉಳಿಸಿ ಗುಂಡಿ ತುಂಬಿಸಿದ್ದಾರೆ. ಅಂಥ ದಪ್ಪ ಪುಟ್ಟಿ ಕೆಟ್ಟ ರಸ್ತೆಯ ಕುಲುಕಾಟಕ್ಕೆ, ಬಾಗಿಲು ದಢಾರ್ ಎಂದು ಹಾಕಿದ್ದಕ್ಕೆ ಬಿರುಕು ಬಿಡುತ್ತದೆ.

ಹಾರ್ಡ್ನರ್ ಬೆರೆಸುವ ಅಳತೆಯಲ್ಲೂ ನಡೆಯುವುದೆಲ್ಲ ಕಣ್ಣಂದಾಜು. ನೂರು ಗ್ರಾಂ ಪುಟ್ಟಿಗೆ ಎರಡು ಗ್ರಾಂ ಹಾರ್ಡ್ನರ್, ಸ್ವಲ್ಪ ಆಚೀಚೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಲಸಿದ ಪುಟ್ಟಿ ಬೇಗ ಗಟ್ಟಿಯಾಗುತ್ತದೆ ಅಂತ ಹುಡುಗರು ಹಾರ್ಡ್ನರ್ ಕಡಿಮೆ ಮಾಡುತ್ತಾರೆ, ಅದು ಒಳಗೆ ಮೆತ್ತಗೇ ಉಳಿಯುತ್ತದೆ. ಮಳೆಯಲ್ಲಿ ಬೇಗ ಒಣಗಲಿ ಅಂತ ಜಾಸ್ತಿ ಹಾಕುತ್ತಾರೆ, ಆಗ ಹಾರ್ಡ್ನರ್‌ನ ಮಿಕ್ಕಿದ ಪೆರಾಕ್ಸೈಡ್ ಮೇಲಕ್ಕೆ ಬಂದು ಬಿಳಿ ಕಾರಿನ ಮೇಲೆ ಹಳದಿ ಕಲೆ ಮೂಡುತ್ತದೆ. ಸೆಕೆಗೆ ಪರಿಹಾರ ಸ್ವಲ್ಪ ಸ್ವಲ್ಪವೇ ಕಲಸುವುದು, ಬೇರೆ ಏನೂ ಇಲ್ಲ. ಪುಟ್ಟಿಯನ್ನು ಒರಟಾಗಿ ಉಜ್ಜಿದ ಬರೀ ತಗಡಿನ ಮೇಲೆ ಹಾಕಬಹುದು, ಅಥವಾ ಎಪಾಕ್ಸಿ ಪ್ರೈಮರ್ ಹೊಡೆದು ಅದರ ಮೇಲೆ ಹಾಕಬಹುದು. ಕರಾವಳಿಗೆ ನನ್ನ ಓಟು ಎರಡನೆಯದಕ್ಕೆ, ತಗಡಿಗೂ ಪುಟ್ಟಿಗೂ ನಡುವೆ ನೀರು ತಡೆಯುವ ಒಂದು ಪದರ ಇರುತ್ತದೆ. ಆಸಿಡ್ ಇರುವ ಎಚಿಂಗ್ ಪ್ರೈಮರ್ ಮೇಲೆ ಮಾತ್ರ ಪುಟ್ಟಿ ಹಾಕಲೇಬಾರದು.

ಈಗ ನೀರಿನ ವಿಷಯ. ನಮ್ಮ ಶೆಡ್‌ಗಳಲ್ಲಿ ಬಕೆಟ್ ನೀರು, ವಾಟರ್ ಪೇಪರ್ ಹಿಡಿದು ಪುಟ್ಟಿ ಉಜ್ಜುವುದು ಮೊದಲಿಂದ ಬಂದ ಅಭ್ಯಾಸ. ಧೂಳು ಏಳುವುದಿಲ್ಲ, ಪೇಪರ್ ಬೇಗ ಕಟ್ಟಿಕೊಳ್ಳುವುದಿಲ್ಲ, ಕೈಗೂ ಹಿತ. ಆದರೆ ಪಾಲಿಯೆಸ್ಟರ್ ಪುಟ್ಟಿಯಲ್ಲಿ ರಾಳದ ಜೊತೆ ಇರುವುದು ಬಹುಪಾಲು ಟಾಲ್ಕಂ ಜಾತಿಯ ಕಲ್ಲಿನ ಪುಡಿ. ಉಜ್ಜಿದ ಮೇಲೆ ಅದರ ಮೇಲ್ಮೈಯ ಸಣ್ಣ ರಂಧ್ರಗಳೆಲ್ಲ ಬಾಯಿ ತೆರೆದಿರುತ್ತವೆ, ನೀರು ಹಾಕಿದರೆ ಹೀರಿಕೊಳ್ಳುತ್ತದೆ. ಮೇಲೆ ಬಟ್ಟೆಯಲ್ಲಿ ಒರೆಸಿ, ಅರ್ಧ ಗಂಟೆ ಬಿಸಿಲಿಗೆ ಇಟ್ಟು, ಒಣಗಿತು ಅಂತ ಪ್ರೈಮರ್ ಹೊಡೆಯುತ್ತಾರೆ. ಒಳಗಿನ ನೀರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಬಿಸಿಲಲ್ಲಿ ಕಾರು ನಿಲ್ಲಿಸಿದಾಗ ಆವಿಯಾಗಿ ಬಣ್ಣವನ್ನು ಮೇಲಕ್ಕೆ ಒತ್ತುತ್ತದೆ, ಕೆಳಕ್ಕೆ ಹೋದದ್ದು ತಗಡಿಗೆ ತುಕ್ಕು ಹಿಡಿಸುತ್ತದೆ. ಜನ "ಮಳೆ ನೀರು ಹೋಯಿತು" ಅಂತಾರೆ, ಎಷ್ಟೋ ಸಲ ಆ ನೀರು ಶೆಡ್‌ನ ಬಕೆಟ್‌ನದ್ದು. ಪುಟ್ಟಿಯನ್ನು ನೀರು ಮುಟ್ಟಿಸದೆ ಒಣದಾಗಿಯೇ ಉಜ್ಜಬೇಕು. ನೀರು ಹಿಡಿಯಬೇಕಾದ್ದು ಅದರ ಮೇಲೆ ಸರ್ಫೇಸರ್ (ಬಣ್ಣಕ್ಕೆ ಮುಂಚೆ ಮೇಲ್ಮೈ ಸಮ ಮಾಡುವ ದಪ್ಪ ಪ್ರೈಮರ್) ಹೊಡೆದು ಅದು ಗಟ್ಟಿಯಾದ ಮೇಲೆ. ನೀವು ಶೆಡ್‌ಗೆ ಕೇಳಬೇಕಾದ ಒಂದೇ ಪ್ರಶ್ನೆ ಅಂತಿದ್ದರೆ ಅದು ಇದು: ಪುಟ್ಟಿಯನ್ನು ನೀರು ಹಾಕಿ ಉಜ್ಜುತ್ತೀರೋ, ನೀರಿಲ್ಲದೆಯೋ?

ನೀರು ಹಾಕದೆ ಉಜ್ಜಿದರೆ ಧೂಳಿನ ಕಥೆ ಏನು ಅಂತ ಪೇಂಟರ್‌ಗಳು ಕೇಳುತ್ತಾರೆ, ನ್ಯಾಯವೇ. ನೀರು ಹಾಕುವುದರಿಂದ ಅವರ ಎದೆ ಉಳಿಯುತ್ತದೆ, ಗಾಡಿ ಹಾಳಾಗುತ್ತದೆ. ನೀರಿಲ್ಲದೆ ಉಜ್ಜಿದರೆ ಗಾಡಿ ಉಳಿಯುತ್ತದೆ, ಧೂಳೆಲ್ಲ ಹುಡುಗರ ಒಳಗೆ. ಹಳೆ ಕಾರಿನ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯೂ ಜಾಸ್ತಿ. ಕೇಂದ್ರ ಸರ್ಕಾರ 2016ರಲ್ಲಿ ಪೇಂಟಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ಹಾಕಿತು, 2017ರ ನವೆಂಬರ್‌ನಿಂದ ಜಾರಿಯೂ ಆಯಿತು, ಆದರೆ ಆ ನಿಯಮ ಮನೆಗೆ ಬಳಿಯುವ ಮತ್ತು ಅಲಂಕಾರದ ಪೇಂಟ್‌ಗಳಿಗೆ ಮಾತ್ರ. ಗಾಡಿ ಬಣ್ಣದ ಶೆಡ್‌ನಲ್ಲಿ ಕೂತು ದಿನವಿಡೀ ಉಜ್ಜುವವನು ಅದರ ಲೆಕ್ಕಕ್ಕೆ ಬರುವುದಿಲ್ಲ. 2ಕೆ ಪೇಂಟಿನ ಹಾರ್ಡ್ನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ, ಅದನ್ನು ಉಸಿರಾಡಿ ಆಸ್ತಮಾ ಹತ್ತಿದರೆ ಆಮೇಲೆ ಸ್ವಲ್ಪ ವಾಸನೆ ಬಂದರೂ ದಮ್ಮು ಕಟ್ಟುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಉಜ್ಜುವಾಗ ಒಳ್ಳೆಯ ಧೂಳಿನ ಮಾಸ್ಕ್ ಮತ್ತು ವ್ಯಾಕ್ಯೂಮ್, ಹೊಡೆಯುವಾಗ ಕನಿಷ್ಠ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್, ಸಾಧ್ಯವಾದರೆ ಹೊರಗಿನಿಂದ ಗಾಳಿ ಕೊಡುವ ಮಾಸ್ಕ್. ಇದಕ್ಕೆ ದುಡ್ಡು ಬೇಕು, ಆ ದುಡ್ಡು ನಿಮ್ಮ ಬಿಲ್ಲಿನಲ್ಲೇ ಬರಬೇಕು. ಕಡಿಮೆ ರೇಟಿನ ಹಿಂದೆ ಯಾರ ಶ್ವಾಸಕೋಶ ಇದೆ ಅಂತಲೂ ಒಮ್ಮೆ ನೋಡಿ.

ಸರ್ಫೇಸರ್, ಪೇಪರ್ ನಂಬರ್ ಇವೆಲ್ಲ ಪೇಂಟರ್‌ನ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಪೇಪರ್ ನಂಬರ್ ಹೆಚ್ಚಿದಷ್ಟೂ ನಯ. ಪುಟ್ಟಿ 80ರಲ್ಲಿ ಶುರು ಮಾಡಿ 120, 180, 240 ಅಂತ ಬರಬೇಕು. ಸರ್ಫೇಸರ್‌ಗೆ 320, 400, ಕೊನೆಗೆ 600, ಮೆಟಾಲಿಕ್ ಬಣ್ಣಕ್ಕೆ 800. ಮಧ್ಯೆ ನಂಬರ್ ಹಾರಿಸಿದರೆ ಒರಟು ಗೀರು ಅಡಿಯಲ್ಲೇ ಉಳಿಯುತ್ತದೆ. ಡೆಲಿವರಿ ದಿನ ಕಾಣುವುದಿಲ್ಲ, ಕೆಲವು ವಾರದಲ್ಲಿ ಥಿನ್ನರ್ ಪೂರ್ತಿ ಆರಿ ಪೇಂಟ್ ಕೂತಾಗ ಗೆರೆಗೆರೆಯಾಗಿ ಎದ್ದು ಕಾಣುತ್ತದೆ. ಬರೀ ಬೆರಳಲ್ಲಿ ಪೇಪರ್ ಒತ್ತಿ ಉಜ್ಜಿದರೆ ಬೆರಳಿನ ಸಾಲು ಬೀಳುತ್ತದೆ, ಬ್ಲಾಕ್ ಹಿಡಿಯಬೇಕು. ಹಳೆ ಹವಾಯಿ ಚಪ್ಪಲಿ ಕತ್ತರಿಸಿದ ತುಂಡೂ ನಡೆಯುತ್ತದೆ. ಸರ್ಫೇಸರ್ ಮೇಲೆ ತೆಳ್ಳಗೆ ಕಪ್ಪು ಬಣ್ಣ ಎರಚಿ ಉಜ್ಜುವ ಒಂದು ಉಪಾಯ ಇದೆ, ಗೈಡ್ ಕೋಟ್ ಅಂತ. ಎಲ್ಲ ಕಡೆ ಕಪ್ಪು ಹೋಗಿ ಒಂದು ಜಾಗದಲ್ಲಿ ಉಳಿಯಿತೆಂದರೆ ಅಲ್ಲಿ ತಗ್ಗು ಇದೆ. ಹೆಚ್ಚು ಖರ್ಚಿಲ್ಲದ ಈ ಕೆಲಸವನ್ನು ಎಷ್ಟು ಶೆಡ್‌ಗಳು ಮಾಡುವುದಿಲ್ಲ ಅಂದರೆ ಬೇಜಾರಾಗುತ್ತದೆ. ಸಣ್ಣ ಪಿನ್ ತೂತುಗಳಿಗೆ ಟ್ಯೂಬಿನಲ್ಲಿ ಬರುವ ಹಾರ್ಡ್ನರ್ ಇಲ್ಲದ ಪುಟ್ಟಿ ಸಾಕು, ಆದರೆ ಅದನ್ನೇ ದಪ್ಪಗೆ ಮೆತ್ತಿದರೆ ಒಣಗುತ್ತಾ ಕುಗ್ಗುತ್ತದೆ.

ಕಪ್ಪು ಅಥವಾ ಗಾಢ ನೀಲಿ ಬಣ್ಣ ಬೇಕು ಅನ್ನುವವರು ಇನ್ನೂ ಹುಷಾರಾಗಿರಬೇಕು, ಆ ಬಣ್ಣಗಳು ಸಣ್ಣ ಅಲೆಯನ್ನೂ ಮುಚ್ಚಿಡುವುದಿಲ್ಲ. ಬಿಳಿ, ಬೆಳ್ಳಿ ಬಣ್ಣಕ್ಕೆ ಸ್ವಲ್ಪ ಕರುಣೆ ಇದೆ. ಬಣ್ಣ ಬದಲಾಯಿಸುವುದಾದರೆ ಆರ್‌ಸಿಯಲ್ಲಿ ಹಳೆ ಬಣ್ಣ ಬರೆದಿರುತ್ತದೆ, ಆರ್‌ಟಿಒದಲ್ಲಿ ಒಪ್ಪಿಗೆ ತೆಗೆದುಕೊಂಡು ಅದನ್ನು ತಿದ್ದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಎಫ್‌ಸಿ ಸಲುವಾಗಿ ಬಣ್ಣ ಹೊಡೆಸಿ, ಬಣ್ಣ ಬೇರೆ ಆಯಿತು ಅಂತ ಎಫ್‌ಸಿಯಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ.

ಯಾವಾಗ ಮಾಡಿಸಬೇಕು ಅಂದರೆ, ಕರಾವಳಿ ಮತ್ತು ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೀಟರ್ ಇರುವ ಬೂತ್ ಇಲ್ಲದ ಶೆಡ್‌ಗೆ ಗಾಡಿ ಕೊಡಲೇಬೇಡಿ. ಗಾಳಿಯಲ್ಲಿನ ತೇವ ತಗಡಿನ ಮೇಲೆ ಕೂರುತ್ತದೆ, ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಇನ್ನಷ್ಟು ಕೂರುತ್ತದೆ, ಬಣ್ಣ ಮಂಕಾಗಿ ಬೆಳ್ಳಗೆ ಮುಸುಕು ಬರುತ್ತದೆ. ಕಂಪ್ರೆಸರ್ ಟ್ಯಾಂಕಿನಲ್ಲೂ ಈ ದಿನಗಳಲ್ಲಿ ನೀರು ತುಂಬುತ್ತದೆ, ಅದು ಗನ್ ಮೂಲಕ ನಿಮ್ಮ ಬಾನೆಟ್ ಮೇಲೆ ಬರುತ್ತದೆ. ಎಫ್‌ಸಿ ಜುಲೈನಲ್ಲಿ ಇದ್ದರೆ ಏನು ಮಾಡುವುದು ಅಂತೀರಾ? ಬಣ್ಣ ಜನವರಿಯಲ್ಲೇ ಹೊಡೆಸಿ. ಅಥವಾ ಎಫ್‌ಸಿಗೆ ತುಕ್ಕು, ವೆಲ್ಡಿಂಗ್, ಬ್ರೇಕು, ಲೈಟು ಸರಿಮಾಡಿಸಿ, ಬಣ್ಣವನ್ನು ಮಳೆ ಮುಗಿದ ಮೇಲೆ ನೋಡಿದರಾಯಿತು.

ನನ್ನ ಕೋರಿಕೆ ಇಷ್ಟೇ. ಎಸ್ಟಿಮೇಟ್ ಬರೆಸಿಕೊಳ್ಳುವಾಗ "ಫುಲ್ ಪೇಂಟಿಂಗ್" ಎಂಬ ಒಂದು ಸಾಲು ಒಪ್ಪಬೇಡಿ. ಯಾವ ಯಾವ ಜಾಗ ಕತ್ತರಿಸಿ ತಗಡು ಬೆಸೆಯುತ್ತಾರೆ, ಗ್ಲಾಸ್ ತೆಗೆಯುತ್ತಾರಾ, ಯಾವ ಪ್ರೈಮರ್, ಪುಟ್ಟಿ ಎಷ್ಟು ದಪ್ಪ ದಾಟಬಾರದು, ಬರೆಯಲಿ. ಗಾಡಿ ಕೊಟ್ಟು ಮನೆಗೆ ಹೋಗಿ ಕೂರಬೇಡಿ, ತುಕ್ಕು ತಿಕ್ಕಿ ಬರೀ ತಗಡು ಕಾಣುವಾಗ ಒಮ್ಮೆ, ಪುಟ್ಟಿ ಉಜ್ಜಿ ಮುಗಿದಾಗ ಒಮ್ಮೆ, ಸರ್ಫೇಸರ್ ಆದಾಗ ಒಮ್ಮೆ ಹೋಗಿ ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕೆಲಸ ಗೊತ್ತಿರುವ ಪೇಂಟರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ತೋರಿಸಲು ಅವನಿಗೂ ಖುಷಿಯೇ. "ನಡುವೆ ಬರಬೇಡಿ, ಪೂರ್ತಿ ಆದ ಮೇಲೆ ಬನ್ನಿ" ಅನ್ನುವವನ ಬಳಿ ಬಿಡಬೇಡಿ. ರೇಟು ಸ್ವಲ್ಪ ಜಾಸ್ತಿಯೇ ಬರುತ್ತದೆ, ದಿನಗಳೂ ಜಾಸ್ತಿ. ದುಡ್ಡು ಸಾಲದಿದ್ದರೆ ಈ ವರ್ಷ ತುಕ್ಕು ಕಿತ್ತು ಎಪಾಕ್ಸಿ ಪ್ರೈಮರ್ ಹೊಡೆಸಿ, ಆ ಜಾಗಕ್ಕೆ ಮಾತ್ರ ಒಂದು ಕೋಟ್ ಬಣ್ಣ ಹಾಕಿಸಿ ಓಡಿಸಿ. ಬಣ್ಣ ಬೇರೆ ಬೇರೆ ಕಾಣುತ್ತದೆ, ಕಾಣಲಿ ಬಿಡಿ. ಪ್ರೈಮರ್ ಮಾತ್ರ ಬಿಟ್ಟರೆ ಬಿಸಿಲಿಗೆ ಪುಡಿ ಏಳುತ್ತದೆ, ಹಾಗಾಗಿ ಮೇಲೆ ಏನಾದರೂ ಇರಲೇಬೇಕು.

ಮತ್ತೆ, ಗಾಡಿ ಮನೆಗೆ ತಂದ ದಿನವೇ ನಾಲ್ಕೂ ಬಾಗಿಲಿನ ತಳದಲ್ಲಿ, ಕೆಳಗಿನ ಅಂಚಿಗೆ ಇರುವ ಸಣ್ಣ ತೂತುಗಳನ್ನು ನೋಡಿ. ಗ್ಲಾಸಿನ ಸಂದಿನಿಂದ ಒಳಗೆ ಇಳಿದ ಮಳೆ ನೀರು ಹೊರಗೆ ಹೋಗಲು ಇರುವುದು ಅವು. ಪೇಂಟಿಂಗ್ ಮುಗಿದ ಎಷ್ಟೋ ಗಾಡಿಗಳಲ್ಲಿ ಅವು ಪುಟ್ಟಿ, ಅಂಡರ್‌ಕೋಟ್ ಹಿಡಿದು ಮುಚ್ಚಿರುತ್ತವೆ. ಒಂದು ತಂತಿ ಹಾಕಿ ಬಿಡಿಸಿ. ಒಂದು ಚೊಂಬು ನೀರನ್ನು ಗ್ಲಾಸಿನ ಮೇಲೆ ಸುರಿದು ಕೆಳಗಿನಿಂದ ಬರುತ್ತದಾ ನೋಡಿ. ಬರದಿದ್ದರೆ ಗಾಡಿಯನ್ನು ಹಾಗೆಯೇ ತಿರುಗಿಸಿ ಶೆಡ್‌ಗೆ ತೆಗೆದುಕೊಂಡು ಹೋಗಿ, ಬಾಕಿ ದುಡ್ಡು ಕೊಡುವ ಮುಂಚೆಯೇ.

ಇಂತಿ,
ನಿಮ್ಮ ಓದುಗ, ಒಬ್ಬ ಹಳೆ ಪೇಂಟರ್
ಕುಂದಾಪುರ